ಅಮರನ ಕಾರಿನ ಬ್ರೇಕು

ನಾನು ಡೂಪ್ಲಿಕೇಟ್ ಆಯಿಲ್ ಹಾಕುತ್ತೇನಂತೆ. ನಾನು! ಹದಿನೆಂಟು ವರ್ಷದಿಂದ ದೊಡ್ಡಬಳ್ಳಾಪುರದ ಹತ್ತಿರ ರಾಜಘಟ್ಟದ ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡು, ಹಳೆಯ ವಾಷರ್ ಒಂದನ್ನೂ ಹೊಸದು ಅಂತ ಹಾಕದ ಈ ಕೆಂಪರಾಜ! ಯಾರೋ ದಾರಿಯಲ್ಲಿ ಹೋಗುವವನು ಹೇಳಿದ್ದರೆ ಕ್ಯಾರೆ ಅನ್ನುತ್ತಿರಲಿಲ್ಲ. ಹೇಳಿದವನು ಅಮರ. ಬೆಳಗ್ಗೆ ಹಾಲಿನ ಡೈರಿಯ ಮುಂದೆ, ಊರಿಗೆ ಊರೇ ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದಾಗ ಹೇಳಿದ.

ಅಮರ ಯಾರು ಅಂತ ಮೊದಲು ಹೇಳಿಬಿಡುತ್ತೇನೆ, ಆಗ ನನ್ನ ಹೊಟ್ಟೆಯ ಉರಿ ನಿಮಗೂ ತಿಳಿಯುತ್ತದೆ. ನನ್ನ ತಾಯಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪ ಮಗ್ಗದ ಕೆಲಸಕ್ಕೆ ಪೇಟೆಗೆ ಹೋದರೆ ಬರುತ್ತಿದ್ದುದೇ ಕತ್ತಲಾದ ಮೇಲೆ. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ತನ್ನ ಮಗ ಅಮರನ ತಟ್ಟೆಯ ಪಕ್ಕದಲ್ಲಿ ನನ್ನದೂ ಒಂದು ತಟ್ಟೆ ಇಟ್ಟಳು. ಇಬ್ಬರಿಗೂ ಒಂದೇ ಗಾತ್ರದ ಮುದ್ದೆ, ಒಂದೇ ಸೌಟು ಸಾರು. ಅವನು ಅವಳನ್ನು ಅವ್ವ ಅಂದರೆ ನಾನೂ ಅವ್ವ ಅಂದೆ. ಹಾಗೆ ಕರೆಯಬೇಡ ಅಂತ ಅವಳು ಒಂದು ದಿನವೂ ಅನ್ನಲಿಲ್ಲ. ನನ್ನ ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಧಾರೆಯ ನೀರು ಮುಟ್ಟಿದವಳು ಅವಳೇ.

ಅಮರ ಈಗ ನಂದಿ ಬೆಟ್ಟದ ಮೇಲಿರುವ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಹಳೆಯದೊಂದು ಚಿಕ್ಕ ಕಾರು ಇಟ್ಟುಕೊಂಡಿದ್ದಾನೆ. ದಿನಾ ಬೆಟ್ಟ ಹತ್ತಬೇಕು, ದಿನಾ ಇಳಿಯಬೇಕು. ಇಳಿಯುವಾಗ ತಿರುವಿಗೊಂದು ಸಲ ಬ್ರೇಕ್ ಒತ್ತಲೇಬೇಕು. ಕಾರು ಕೊಂಡ ದಿನದಿಂದ ಅದರ ಒಂದೊಂದು ನಟ್ಟನ್ನೂ ಬಿಗಿ ಮಾಡಿರುವುದು ನನ್ನ ಕೈಯೇ. ಪ್ರತಿ ವರ್ಷ ಆಯುಧಪೂಜೆಯ ದಿನ ನನ್ನ ಗ್ಯಾರೇಜಿನ ಪೂಜೆಗೂ ಮೊದಲು ಅವರ ಮನೆಗೆ ಹೋಗಿ ಆ ಕಾರನ್ನು ತೊಳೆದು, ಬಾನೆಟ್ ಎತ್ತಿ ಒಳಗಡೆಯೆಲ್ಲಾ ಒರೆಸಿ ಕೊಟ್ಟು ಬರುತ್ತೇನೆ. ಹೋದ ವರ್ಷವೂ ಹಾಗೇ ಮಾಡಿದೆ.

ಪೂಜೆಯಾಗಿ ಮೂರು ವಾರಕ್ಕೆ ಅಮರ ಗಾಡಿ ತಂದು ನಿಲ್ಲಿಸಿದ.

"ಗುರು, ಪೆಡಲ್ ಯಾಕೋ ಮೆತ್ತಗಾಗೈತೆ ಕಣೋ. ಕೆಳಗಡೆ ರೋಡಲ್ಲಿ ಚೆನ್ನಾಗೇ ಇರುತ್ತೆ. ಬೆಟ್ಟ ಇಳಿಯೋವಾಗ ಅರ್ಧ ದಾರಿಗೆ ಬಂದ್ರೆ ಸ್ಪಂಜ್ ಒತ್ತಿದಂಗಾಗುತ್ತೆ. ಎರಡ್ಮೂರು ಸಲ ಒತ್ತಿದ್ಮೇಲೆ ಹಿಡಿಯುತ್ತೆ."

ಪೆಡಲ್ ಮೆತ್ತಗಾಯಿತು ಅಂದರೆ ಬ್ರೇಕ್ ಆಯಿಲಿನ ಪೈಪಿನೊಳಗೆ ಗಾಳಿ ಸೇರಿದೆ ಅಂತ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾನೆ. ಆಯಿಲನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಕಾಲಿನ ಬಲವನ್ನು ನೇರ ಚಕ್ರಕ್ಕೆ ಮುಟ್ಟಿಸುತ್ತದೆ. ನಡುವೆ ಗಾಳಿ ಸೇರಿದರೆ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ, ಕಾಲು ಇಡ್ಲಿಯ ಮೇಲೆ ಇಟ್ಟ ಹಾಗೆ ಒಳಗೆ ಹೋಗುತ್ತದೆ. ಆ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಮೇಲಿನವನು ಕಾಲು ಎತ್ತಿದನೋ, ಹೋದ ಗಾಳಿ ವಾಪಸ್ಸು.

ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಪೆಡಲ್ ಒತ್ತಲು ಗಾಡಿಯ ಮಾಲೀಕನನ್ನೇ ಕೂರಿಸುತ್ತೇನೆ. ಆಯಿಲ್ ಡಬ್ಬದ ಸೀಲನ್ನೂ ಅವನ ಕೈಯಲ್ಲೇ ಒಡೆಸುತ್ತೇನೆ. ಆಮೇಲೆ ನೀನು ಯಾವ ಆಯಿಲ್ ಹಾಕಿದೆಯೋ ಏನೋ ಅಂತ ಯಾವನೂ ಬಾಯಿ ಬಿಡಬಾರದು. ಅವತ್ತು ಸೀಲ್ ಒಡೆದವನು ಅಮರನೇ. "ಒತ್ಲಾ" ಅಂದರೆ ಒತ್ತಿದ, "ಹಿಡ್ಕೊಂಡಿದೀನಿ ಗುರು" ಅಂದ, ನಾಲ್ಕು ಚಕ್ರಕ್ಕೂ ಹಾಗೇ ಮಾಡಿದೆವು. ಪೆಡಲ್ ಗಟ್ಟಿಯಾಯಿತು.

ಒಂದು ತಿಂಗಳಿಗೆ ಮತ್ತೆ ಬಂದ. ಮತ್ತೆ ಅದೇ ರೋಗ. ಈ ಸಲ ನಾನು ಬಿಡಲಿಲ್ಲ. ನಾಲ್ಕೂ ಚಕ್ರ ಬಿಚ್ಚಿದೆ, ಎಲ್ಲೂ ಒಂದು ಹನಿ ಸೋರಿಲ್ಲ. ಅವನು ಪೆಡಲ್ ಒತ್ತುವಾಗ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಮುಷ್ಟಿಯಲ್ಲಿ ಹಿಡಿದು ನೋಡಿದೆ, ಯಾವುದೂ ಉಬ್ಬಲಿಲ್ಲ. ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರುಗಳನ್ನೆಲ್ಲ ಹೊಸದು ಹಾಕಿದೆ. ಒಂದು ಮಾತ್ರ ವಿಚಿತ್ರವಾಗಿ ಕಂಡಿತು. ಬಾನೆಟ್ಟಿನ ಕೆಳಗಿರುವ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು, ನಾನು ಬಿಟ್ಟ ಗೆರೆಗಿಂತ ಮೇಲೆ, ಮುಚ್ಚಳದವರೆಗೆ.

"ನೀನೇನಾದ್ರೂ ಹಾಕಿದ್ಯೇನೋ?"

"ನಂಗ್ಯಾಕಪ್ಪಾ ಆ ಉಸಾಬರಿ? ಬಾನೆಟ್ಟೇ ಎತ್ತಿಲ್ಲ."

ಪೆಟ್ರೋಲ್ ಬಂಕಿನವರು ಯಾರೋ ಕೈಯಾಡಿಸಿರಬೇಕು ಅಂದುಕೊಂಡು ಸುಮ್ಮನಾದೆ. ಅಲ್ಲಿಗೆ ಸುಮ್ಮನಾದದ್ದು ನನ್ನ ತಪ್ಪು, ಒಪ್ಪುತ್ತೇನೆ.

ಸಂಕ್ರಾಂತಿಯ ಹಿಂದಿನ ಭಾನುವಾರ ಅಮರ ಮಗಳು ಅಕ್ಷತಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಹತ್ತು ವರ್ಷದ ಹುಡುಗಿ, ನನ್ನನ್ನು ದೊಡ್ಡಪ್ಪ ಅನ್ನುತ್ತಾಳೆ. ಇಳಿಯುವಾಗ ಪೆಡಲ್ ತಳ ಮುಟ್ಟಿತು. ಬ್ರೇಕ್ ಇಲ್ಲವೇ ಇಲ್ಲ. ಅಮರ ಗಾಡಿಯನ್ನು ಬೆಟ್ಟದ ಗೋಡೆಗೆ ಉಜ್ಜಿ ನಿಲ್ಲಿಸಿದ. ಅವನಿಗೆ ಏನೂ ಆಗಲಿಲ್ಲ. ಮಗುವಿನ ಹುಬ್ಬಿನ ಮೇಲೆ ಆರು ಹೊಲಿಗೆ ಬಿತ್ತು. ಆಸ್ಪತ್ರೆಗೆ ನಾನೂ ಓಡಿದೆ. ಅಮರ ನನ್ನ ಮುಖ ನೋಡಲಿಲ್ಲ. ಗಾಬರಿಯಲ್ಲಿದ್ದಾನೆ ಪಾಪ ಅಂದುಕೊಂಡೆ.

ಮಾರನೆಯ ದಿನವೇ ಡೈರಿಯಲ್ಲಿ ಆ ಮಾತು. ನನಗೆ ಹೇಳಿದವನು ಡೈರಿಯ ಕಾರ್ಯದರ್ಶಿ ಸೊಣ್ಣಪ್ಪ.

"ಏನಪ್ಪಾ ಕೆಂಪರಾಜ, ಡೂಪ್ಲಿಕೇಟ್ ಬ್ರೇಕ್ ಆಯಿಲ್ ಹಾಕ್ಬಿಟ್ಟಂತೆ? ಅಮರನೇ ಹೇಳ್ದ. ಸ್ವಂತ ಅಣ್ಣತಮ್ಮನಂಗೆ ನಂಬಿದ್ದೆ, ಮಗು ಪ್ರಾಣಕ್ಕೇ ತಂದ ಅಂತ ಕಣ್ಣೀರು ಹಾಕ್ದ."

ಸೀಲ್ ಒಡೆದವನು ಅವನೇ! ತನ್ನ ಕೈಯಾರೆ ಒಡೆದವನೇ ಡೂಪ್ಲಿಕೇಟ್ ಅಂದ ಮೇಲೆ ಬೇರೆಯವರಿಗೆ ಏನು ಹೇಳಲಿ? ಒಂದು ವಾರದಲ್ಲಿ ಶಾಲೆಯ ನಾಲ್ಕು ವ್ಯಾನುಗಳು ನನ್ನ ಗ್ಯಾರೇಜು ಬಿಟ್ಟವು. ಟ್ರ್ಯಾಕ್ಟರಿನವರು ದೂರದಿಂದಲೇ ಕೈ ಎತ್ತಿ ಮುಂದೆ ಹೋಗತೊಡಗಿದರು. ಮೆಕ್ಯಾನಿಕ್ಕಿಗೆ ಇರುವುದು ಒಂದು ಹೆಸರು. ಬ್ರೇಕಿನ ವಿಷಯದಲ್ಲಿ ಅದು ಹೋಯಿತೋ, ಶಟರ್ ಎಳೆದುಕೊಂಡು ಮನೆಗೆ ಹೋಗುವುದೇ ಸರಿ.

ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಹಟ ಬಂತು. ತಪ್ಪು ನನ್ನದೇ ಆಗಿದ್ದರೆ ನನ್ನ ಕಣ್ಣಿಗೇ ಕಾಣಲಿ ಅಂತ ಅವರ ಮನೆಗೆ ಹೋದೆ. ಅಮರ ಇರಲಿಲ್ಲ. ಅವನ ಹೆಂಡತಿ ಪವಿತ್ರಳ ಹತ್ತಿರ ಕೀ ಕೇಳಿದೆ.

"ಅವ್ರು ಕೊಡ್ಬೇಡ ಅಂದವ್ರೆ ಅಣ್ಣ," ಅಂದಳು. ಆದರೂ ಒಳಗೆ ಹೋಗಿ ಕೀ ತಂದು ನನ್ನ ಕೈಗೆ ಹಾಕಿದಳು. "ತಗೊಂಡೋಗಿ. ಚೆನ್ನಾಗಿ ನೋಡಿ."

ಆಮೆಯ ಹಾಗೆ ಓಡಿಸಿಕೊಂಡು ಗ್ಯಾರೇಜಿಗೆ ತಂದೆ. ನನ್ನ ಹೆಂಡತಿ ನವ್ಯಶ್ರೀಯನ್ನು ಸೀಟಿನಲ್ಲಿ ಕೂರಿಸಿದೆ. ಗಾಡಿ ತಣ್ಣಗಿದ್ದಾಗ ಪೆಡಲ್ ಕಲ್ಲಿನ ಹಾಗಿತ್ತು. ತಣ್ಣಗಿದ್ದರೆ ಗಟ್ಟಿ, ಬಿಸಿಯಾದರೆ ಮೆತ್ತಗೆ. ಆಗ ತಲೆಗೆ ಹೊಳೆಯಿತು. ಗಾಳಿ ಹೊರಗಿನಿಂದ ಬರುತ್ತಿಲ್ಲ, ಆಯಿಲಿನೊಳಗೇ ಏನೋ ಕುದಿದು ಆವಿಯಾಗುತ್ತಿದೆ. ಬ್ರೇಕ್ ಆಯಿಲ್ ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಬೇಗ ಕುದಿಯುವುದು ನೀರು.

ಡಬ್ಬಿಯಿಂದ ಸ್ವಲ್ಪ ಆಯಿಲ್ ಎತ್ತಿ ಒಂದು ತಗಡಿನ ಮುಚ್ಚಳಕ್ಕೆ ಹಾಕಿದೆ. ಇನ್ನೊಂದು ಮುಚ್ಚಳಕ್ಕೆ ಹೊಸ ಡಬ್ಬದ ಆಯಿಲ್. ಎರಡನ್ನೂ ಒಂದೇ ಕಾವಲಿಯ ಮೇಲಿಟ್ಟು ಒಲೆ ಹಚ್ಚಿದೆ. ಹೊಸದು ಸುಮ್ಮನೆ ಕೂತಿತ್ತು. ಅಮರನ ಕಾರಿನದು ಎರಡೇ ನಿಮಿಷಕ್ಕೆ ಚಟಪಟ ಅಂತ ಗುಳ್ಳೆ ಎಬ್ಬಿಸಿತು. ನೀರು! ಯಾವ ಡೂಪ್ಲಿಕೇಟೂ ಅಲ್ಲ, ಅಚ್ಚ ನೀರು!

ಡಬ್ಬಿಯ ಬಾಯಲ್ಲಿರುವ ಪ್ಲಾಸ್ಟಿಕ್ ಜರಡಿಯನ್ನು ಎತ್ತಿ ನೋಡಿದಾಗ ಕಪ್ಪಗಾದ ಎಲೆಯ ಚೂರೊಂದು ಅಂಟಿತ್ತು. ಅದನ್ನು ಬೆರಳ ತುದಿಯಲ್ಲಿ ತೆಗೆದವಳು ನವ್ಯಶ್ರೀ.

"ರೀ, ಇದು ಬಿಲ್ವಪತ್ರೆ ಅಲ್ವಾ? ಇಲ್ನೋಡಿ, ಮೂರು ಎಲೆ ಸೇರೋ ತೊಟ್ಟು."

ಆ ಮನೆಯಲ್ಲಿ ಬಿಲ್ವಪತ್ರೆ ಇಟ್ಟು ಪೂಜೆ ಮಾಡುವವಳು ಅವ್ವ ಒಬ್ಬಳೇ. ಎಲೆಯ ಚೂರನ್ನೂ ಆಯಿಲನ್ನೂ ಒಂದು ಗಾಜಿನ ಸೀಸೆಗೆ ಹಾಕಿಕೊಂಡು ನೇರ ಅವ್ವನ ಹತ್ತಿರ ಹೋದೆ. ಅವಳು ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸೀಸೆಯನ್ನು ಅವಳ ಮುಂದೆ ಇಟ್ಟೆ. ಕೇಳುವ ಮೊದಲೇ ಅವಳ ಕೈ ನಿಂತಿತು.

"ನೀನೇ ತೋರಿಸ್ಕೊಟ್ಟೆ ಕಣಪ್ಪಾ," ಅಂದಳು. "ಆಯುಧಪೂಜೆ ದಿನ ನೀನು ಒರೆಸ್ತಾ ಇದ್ದಾಗ ಇದೇನ್ಲಾ ಮಗ ಅಂತ ಕೇಳಿದ್ನಲ್ಲ. ಬ್ರೇಕಿನ ಪ್ರಾಣ ಎಲ್ಲಾ ಈ ಡಬ್ಬೀಲೇ ಐತೆ ಕಣವ್ವ ಅಂದೆ. ಅದಕ್ಕೇ ತೀರ್ಥ ಬಿಟ್ಟೆ. ಒಳಕಲ್ಲಿನ ತೀರ್ಥ."

ಒಳಕಲ್ಲು ಅಂದರೆ ಶಿವಗಂಗೆ ಬೆಟ್ಟದ ಮೇಲೆ ಬಂಡೆಯಲ್ಲಿರುವ ಗುಳಿ. ಒಳಗೆ ಕೈ ಹಾಕಿದರೆ ಪುಣ್ಯವಂತರ ಕೈಗೆ ಮಾತ್ರ ನೀರು ಸಿಗುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ಅವ್ವ ಮೂರು ಸಲ ಹತ್ತಿ ಹೋಗಿ ಮೂರು ಸಲವೂ ಒಣಗಿದ ಕೈಯಲ್ಲಿ ವಾಪಸ್ಸು ಬಂದಿದ್ದಳು. ಜೊತೆಗೆ ಹೋಗಿದ್ದ ಹೆಂಗಸರು ಒಂಥರಾ ನಕ್ಕಿದ್ದರಂತೆ. ಹೋದ ವರ್ಷ ನಾಲ್ಕನೆಯ ಸಲ ನೀರು ಸಿಕ್ಕಿತು. ಊರೆಲ್ಲ ಹೇಳಿಕೊಂಡು ಬಂದಳು, ಒಂದು ಬಾಟಲಿ ತುಂಬ ತೀರ್ಥ ತಂದು, ಬಿಲ್ವಪತ್ರೆ ಹಾಕಿ ದೇವರ ಮನೆಯಲ್ಲಿಟ್ಟಳು. ಅದರಿಂದ ಪ್ರತಿ ಸೋಮವಾರ ಅಮರ ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ ಒಂದು ಉದ್ಧರಣೆ. ಬ್ರೇಕ್ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಭಯಕ್ಕೆ ಎರಡು ಉದ್ಧರಣೆ. ನಾನು ರಿಪೇರಿ ಮಾಡಿ ಕಳಿಸುವುದು, ಅವಳು ನೀರು ಬಿಡುವುದು. ಅಯ್ಯೋ, ನಗಬೇಕೋ ಅಳಬೇಕೋ!

ಅಷ್ಟಕ್ಕೇ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ದೇವರಾಣೆಗೂ ನಕ್ಕುಬಿಡುತ್ತಿದ್ದೆ. ಪ್ರೀತಿಗೆ ಮಾಡಿದ ತಪ್ಪು, ಅದಕ್ಕೆ ಯಾರಾದರೂ ಕೋಪ ಮಾಡಿಕೊಳ್ಳುತ್ತಾರಾ?

"ಅಮರಂಗೆ ಗೊತ್ತಾ ಅವ್ವ?" ಅಂತ ಕೇಳಿದೆ.

ಅವಳು ಅವರೆಕಾಳಿನೊಳಗೆ ಬೆರಳಾಡಿಸಿದಳು. "ಆಸ್ಪತ್ರೇಲೇ ಹೇಳ್ದೆ. ತೀರ್ಥ ಬಿಟ್ಟಿದ್ರೂ ಹಿಂಗಾಯ್ತಲ್ಲಪ್ಪಾ ಅಂತ ಅತ್ಕೊಂಡು ಹೇಳ್ದೆ. ಎಲ್ಲಿಗೆ ಬಿಟ್ಟೆ ಅಂದ. ಹೇಳ್ದೆ. ಅವಾಗ ತಲೆ ಚಚ್ಕೊಂಡ."

ಭಾನುವಾರ ಆಸ್ಪತ್ರೆ. ಸೋಮವಾರ ಡೈರಿ. ಗೊತ್ತಿದ್ದೇ ಹೇಳಿದ್ದಾನೆ!

"ಗೊತ್ತಿದ್ದೂ ನನ್ ಹೆಸ್ರು ಹೇಳೋಕೆ ಬಿಟ್ಯಾ ಅವ್ವ?"

"ಏನ್ಲಾ ಮಾಡ್ಲಿ? ಜನ ಹೆಂಗಾಯ್ತು ಹೆಂಗಾಯ್ತು ಅಂತ ಕೇಳ್ತಿದ್ರು. ದೇವರ ಮ್ಯಾಲೆ ಹಾಕಾಕಾಯ್ತದಾ? ನೀನಾದ್ರೆ ಮನೆ ಮಗ, ಹೊಟ್ಟೆಗೆ ಹಾಕ್ಕೊಂತೀಯ ಅಂದ್ಕೊಂಡ್ವಿ."

ಮನೆ ಮಗನಂತೆ! ಊಟ ಹಾಕುವಾಗ ಮನೆ ಮಗ ಅಂದಿದ್ದು ನನ್ನ ಎದೆಯಲ್ಲಿತ್ತು. ಹೊಣೆ ಹೊರಿಸುವಾಗಲೂ ಅದೇ ಮಾತು ಕೆಲಸಕ್ಕೆ ಬರುತ್ತದೆ ಅಂತ ಅವತ್ತು ತಿಳಿಯಿತು.

ಸಂಜೆ ಅಮರ ಗ್ಯಾರೇಜಿಗೆ ಬಂದ. ಮುಖ ಬಾಡಿತ್ತು. ನಾನು ಬಾಯಿಗೆ ಬಂದ ಹಾಗೆ ಬೈದೆ, ಇಲ್ಲಿ ಬರೆಯುವಂಥ ಮಾತುಗಳಲ್ಲ.

"ತಪ್ಪಾಯ್ತು ಕಣೋ ಗುರು. ಅವ್ವನ ಮಾನ ಹೋಗುತ್ತೆ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಹೇಳಿದ್ಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ."

"ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು. ಅವ್ವನ ಹೆಸ್ರು ಎತ್ಲೇಬೇಡ. ಆಯಿಲಿಗೆ ಹೆಂಗೋ ನೀರು ಸೇರ್ಕೊಂಡಿತ್ತು, ಕೆಂಪರಾಜ ಕಂಡುಹಿಡ್ದು ಸರಿಮಾಡ್ದ ಅನ್ನು. ಇಷ್ಟೇ. ಇಷ್ಟು ಹೇಳ್ತೀಯಾ?"

"ಹೇಳ್ತೀನಿ. ಅಕ್ಷತನ ಆಣೆ, ನಾಳೆ ಬೆಳಿಗ್ಗೇನೇ ಹೇಳ್ತೀನಿ."

ನಂಬಿದೆ. ಯಾಕೆ ನಂಬಿದೆ ಅಂತ ಕೇಳಬೇಡಿ, ಮೂವತ್ತು ವರ್ಷದ ಅಭ್ಯಾಸ. ಅವನನ್ನು ಸೀಟಿನಲ್ಲಿ ಕೂರಿಸಿ ಕೆಲಸಕ್ಕೆ ಇಳಿದೆ. ಡಬ್ಬಿ ಖಾಲಿ ಮಾಡಿ ತೊಳೆದೆ. ನಾಲ್ಕೂ ಚಕ್ರದ ನಿಪ್ಪಲುಗಳಿಂದ ಹಳೆಯ ಆಯಿಲೆಲ್ಲ ಹೊರಗೆ ಹೋಗಿ, ಹೊಸದು ತಿಳಿಯಾಗಿ ಬರುವವರೆಗೆ ಬಿಟ್ಟೆ. ನೀರು ತಿಂದು ತುಕ್ಕು ಹಿಡಿಯತೊಡಗಿದ್ದ ಹಿಂದಿನ ಚಕ್ರಗಳ ಎರಡು ಸಿಲಿಂಡರುಗಳನ್ನು ಬದಲಾಯಿಸಿದೆ. "ಒತ್ತು" ಅಂದೆ. "ಹಿಡ್ಕೊಂಡಿದೀನಿ" ಅಂದ. ಒಂದು ಸಲವೂ ಅವನ ಕಾಲು ತಪ್ಪಲಿಲ್ಲ. ಆಮೇಲೆ ನಾನೇ ನಂದಿ ಬೆಟ್ಟ ಹತ್ತಿಸಿ, ತಿರುವಿಗೊಂದು ಸಲ ಬ್ರೇಕ್ ಒತ್ತುತ್ತ ಇಳಿಸಿ ನೋಡಿದೆ. ಚಕ್ರದಿಂದ ಸುಟ್ಟ ವಾಸನೆ ಬರುವಷ್ಟು ಬಿಸಿಯಾದರೂ ಪೆಡಲ್ ಒಂದು ಎಳೆಯಷ್ಟೂ ಇಳಿಯಲಿಲ್ಲ. ಆ ಕಾರಿನಲ್ಲಿ ಕೂರುವುದು ನನ್ನ ಅಕ್ಷತ. ಕೋಪ ಎಷ್ಟಿದ್ದರೂ ಬ್ರೇಕಿನಲ್ಲಿ ಮೋಸ ಮಾಡಲಾರೆ.

ಬೆಳಗ್ಗೆ ಆರೂವರೆಗೆ ಡೈರಿಗೆ ಹೋದೆ. ನಮಗೂ ಒಂದು ಹಸು ಇದೆ, ಹಾಲು ಹಾಕುವುದು ಬಿಟ್ಟು ಬೇರೆ ನೆಪ ಬೇಕಿರಲಿಲ್ಲ. ನನ್ನ ಮುಂದೆ ನಾಲ್ಕು ಜನ ಬಿಟ್ಟು ಅಮರ, ಅವನ ಹಿಂದೆ ಇನ್ನೊಂದು ಕ್ಯಾನ್ ಹಿಡಿದು ಅವ್ವ. ಸೊಣ್ಣಪ್ಪ ಹಾಲು ಅಳೆಯುತ್ತ ತಾನಾಗಿಯೇ ಕೇಳಿದ.

"ಏನಪ್ಪಾ ಅಮರ, ಕಾರು ಓಡಾಡ್ತೈತೆ? ಬ್ರೇಕ್ ಸರಿಹೋಯ್ತಾ?"

ಅಮರ ಒಮ್ಮೆ ಹಿಂತಿರುಗಿ ನೋಡಿದ. ನಾನು ಅಲ್ಲಿದ್ದೇನೆ ಅಂತ ಕಂಡ. ನೋಡಿಯೇ ಹೇಳಿದ.

"ಹ್ಞೂ ಅಣ್ಣ. ದೇವನಹಳ್ಳಿ ಕಡೆ ಒಬ್ಬರ ಹತ್ರ ಮಾಡಿಸ್ದೆ. ಈಗ ಕಲ್ಲಿನಂಗೈತೆ ಪೆಡಲ್ಲು."

ಕ್ಯಾನ್ ಕೆಳಗಿಟ್ಟು ಮುಂದೆ ನುಗ್ಗಿದೆ.

"ಲೇ ಅಮರ! ನಿನ್ನೆ ನನ್ ಗ್ಯಾರೇಜಲ್ಲಿ ಕೂತ್ಕೊಂಡು ಪೆಡಲ್ ಒತ್ತಿದ್ದು ಯಾರೋ? ನಿಮ್ಮಪ್ಪನಾ?"

ಅವನು ಕ್ಯಾನಿನ ಮುಚ್ಚಳ ಹಾಕುವುದರಲ್ಲೇ ಮುಳುಗಿದ. ಅಷ್ಟೇ ಸಾಕಾಯಿತು, ನಾನು ಎಲ್ಲವನ್ನೂ ಹೇಳಿಬಿಟ್ಟೆ. ನೀರು, ಕಾವಲಿ, ಬಿಲ್ವಪತ್ರೆ, ಒಳಕಲ್ಲಿನ ತೀರ್ಥ, ಸೋಮವಾರದ ಉದ್ಧರಣೆ, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಜನರ ಮುಖ ಬದಲಾಗುವುದನ್ನು ಕಂಡೆ. ಬದಲಾದದ್ದು ನನ್ನ ಕಡೆಗಲ್ಲ.

"ಥೂ, ಏನ್ ಮಾತಾಡ್ತಿದೀಯಲಾ ಕೆಂಪ?" ಅಂದ ದೊಡ್ಡಬೀರಪ್ಪ, ಊರಿನ ಹಿರಿಯ. "ನಿನ್ ಕೆಲ್ಸ ಕೆಟ್ರೆ ಶಿವಗಂಗೆ ತೀರ್ಥದ ಮ್ಯಾಲೆ ಹಾಕ್ತೀಯಾ? ಅನ್ನ ಹಾಕಿದ ತಾಯಿ ಮ್ಯಾಲೆ ಹಾಕ್ತೀಯಾ?"

"ನನ್ ಮಾತು ನಂಬ್ಬೇಡಿ. ಅವ್ವ ಇಲ್ಲೇ ಇದಾಳಲ್ಲ, ಅವಳನ್ನೇ ಕೇಳಿ." ನಾನು ಅವಳ ಕಡೆ ತಿರುಗಿದೆ. "ಅವ್ವ, ನೀನೇ ಹೇಳವ್ವ. ಒಂದೇ ಒಂದು ಮಾತು ಹೇಳು, ಸಾಕು."

ಎಲ್ಲರೂ ಅವಳನ್ನು ನೋಡಿದರು. ಶಿವಗಂಗೆಗೆ ಜೊತೆಗೆ ಹೋಗಿದ್ದ ಹೆಂಗಸರೂ ಆ ಸಾಲಿನಲ್ಲಿದ್ದರು. ಅವಳು ಒಮ್ಮೆ ಅವರ ಕಡೆ ನೋಡಿದಳು, ಮಗನ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ನೆಲಕ್ಕೆ ಹೇಳುವವಳ ಹಾಗೆ ಹೇಳಿದಳು.

"ನಾನ್ಯಾಕಪ್ಪಾ ಬಿಡ್ಲಿ? ನಂಗೆ ಆ ಮುಚ್ಚಳ ತೆಗೆಯಾಕೂ ಬರಾಕಿಲ್ಲ."

ಅಮರ ಹೇಳಿದ ಸುಳ್ಳಿಗೆ ನನಗೆ ಕೋಪ ಬಂದಿತ್ತು. ಈ ಸುಳ್ಳಿಗೆ ಕೋಪ ಬರಲಿಲ್ಲ. ಅಷ್ಟು ಜನರ ಮುಂದೆ, ನಲವತ್ತು ದಾಟಿದ ಗಂಡಸಿಗೆ ಅಳು ಬಂತು. ತಾಯಿ ಸತ್ತ ದಿನ ಅತ್ತದ್ದೇ ಕೊನೆ, ಆಮೇಲೆ ನಾನು ಹಾಗೆ ಅತ್ತಿರಲಿಲ್ಲ. ಬಾಯಲ್ಲಿದ್ದ ಮಾತೆಲ್ಲ ಮುಗಿದು ಒಂದೇ ಉಳಿದಿತ್ತು.

"ಆಯ್ತು ಬಿಡಿ, ಗಂಗಲಕ್ಷ್ಮಮ್ಮೋರೆ," ಅಂದೆ. "ತಪ್ಪು ನಂದೇ."

ಮೂವತ್ತು ವರ್ಷದಲ್ಲಿ ಅವಳಿಗೆ ನಾನು ಬಹುವಚನ ಹಚ್ಚಿದ್ದು ಅದೇ ಮೊದಲು. ಅವಳು ಥಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು. ಸೊಣ್ಣಪ್ಪ "ಮುಂದಿನವ್ರು ಬರ್ರಪ್ಪಾ" ಅಂತ ಕೂಗಿದ. ಸರದಿ ಅವಳದೇ ಆಗಿತ್ತು. ಅವಳು ಕ್ಯಾನ್ ಎತ್ತಲಿಲ್ಲ. ನಾನು ನನ್ನ ಹಾಲನ್ನು ಹಾಕದೆ ಹಾಗೇ ಮನೆಗೆ ತಂದೆ.